851712: ಒಂದು ಕೋಡ್ ಮತ್ತು ನನ್ನ ಐಪಿಇ ಮಾಸ್ಟರ್ಸ್

ಹೋದ ವಾರ ಡಿಸರ್ಟೇಷನ್, ಅಂದರೆ ಕೋರ್ಸಿನ ಕೊನೆಯ ಸಂಶೋಧನಾ ಪ್ರಬಂಧದ, ಅಂಕ ಬಂತು. ಪಾಸಾಗಿದೆ. ಮೊದಲ ಅರ್ಜಿ ತುಂಬಲು ಕೂತ ಸಂಜೆಯಿಂದ ಲೆಕ್ಕ ಹಾಕಿದರೆ ಎರಡು ವರ್ಷ ಮೂರು ತಿಂಗಳು. ಕೋರ್ಸ್ ಇದ್ದದ್ದು ಒಂದೇ ವರ್ಷ. ಉಳಿದದ್ದೆಲ್ಲ ಕಾಯುವುದು, ಕಾಗದ ಹೊಂದಿಸುವುದು, ಮತ್ತೆ ಕಾಯುವುದು.

ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ, ಅಂದರೆ ಐಪಿಇ, ಓದಬೇಕು ಅಂತಿರುವವರಿಗೆ ಸಿಗುವ ಮಾಹಿತಿ ಹೆಚ್ಚಾಗಿ ಕಾಲೇಜುಗಳ ಪ್ರಚಾರದ ಪುಟಗಳಲ್ಲಿ ಇರುವಂಥದ್ದು. ಒಳಗೆ ಹೋದ ಮೇಲೆ ಏನಾಗುತ್ತದೆ ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಕನಿಷ್ಠ ಎರಡು ತಿಂಗಳ ಒದ್ದಾಟ ಉಳಿಯುತ್ತಿತ್ತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಡಿಗ್ರಿಯಲ್ಲಿ ಓದಿದ್ದು ರಾಜ್ಯಶಾಸ್ತ್ರ ಮತ್ತು ಇತಿಹಾಸ. ಅರ್ಥಶಾಸ್ತ್ರ ಮೂರು ಪೇಪರ್ ಮಾತ್ರ. ಆಮೇಲೆ ನಾಲ್ಕು ವರ್ಷ ಕೆಲಸ. ಸುಂಕ, ಸಾಲ, ಡಾಲರ್ ಬೆಲೆ ಇವೆಲ್ಲ ದಿನಾ ಸುದ್ದಿಯಲ್ಲಿ ಓದುತ್ತಿದ್ದೆ. ಆದರೆ ಇವುಗಳನ್ನು ಯಾರು ನಿರ್ಧಾರ ಮಾಡುತ್ತಾರೆ, ಯಾರಿಗೆ ಲಾಭ, ಯಾರ ತಲೆಗೆ ಹೊರೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನೇ ಕೇಳುವ ವಿಷಯವೊಂದು ಇದೆ ಅಂತ ಗೊತ್ತಾದಾಗ ಬೇರೆ ಯಾವುದೂ ಬೇಡ ಅನಿಸಿತು.

ಸೆಪ್ಟೆಂಬರ್‌ನಲ್ಲಿ ಅರ್ಜಿ ಕೆಲಸ ಶುರು ಮಾಡಿದೆ. ಐದು ಕಡೆ ಹಾಕಿದೆ. ಪ್ರತಿಯೊಂದಕ್ಕೂ ಉದ್ದೇಶ ಪತ್ರ, ಅಂದರೆ ಎಸ್‌ಒಪಿ, ಎರಡು ಶಿಫಾರಸು ಪತ್ರ, ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಸ್ಕೋರ್. ಎರಡು ಕಡೆ ನಾವೇ ಬರೆದ ಒಂದು ಪ್ರಬಂಧದ ಮಾದರಿಯನ್ನೂ ಕೇಳಿದರು.

ಮೊದಲ ಪೆಟ್ಟು ಇಂಗ್ಲಿಷ್ ಪರೀಕ್ಷೆಯಿಂದ. ಹಿಂದೆ ಒಮ್ಮೆ ಬರೆದಿದ್ದೆ, ಒಳ್ಳೆಯ ಸ್ಕೋರ್ ಇತ್ತು, ಅದೇ ಸಾಕು ಅಂದುಕೊಂಡಿದ್ದೆ. ಐಇಎಲ್‌ಟಿಎಸ್ ಆಗಲಿ ಟೋಫೆಲ್ ಆಗಲಿ, ಸ್ಕೋರ್ ಎರಡು ವರ್ಷ ಮಾತ್ರ ಊರ್ಜಿತ. ನನ್ನದು ಅರ್ಜಿ ಹಾಕುವ ದಿನ ಊರ್ಜಿತವಾಗಿತ್ತು, ಕೋರ್ಸ್ ಶುರುವಾಗುವ ದಿನಕ್ಕೆ ಮುಗಿದುಹೋಗುತ್ತಿತ್ತು. ಮತ್ತೆ ಪರೀಕ್ಷೆ, ಮತ್ತೆ ಶುಲ್ಕ, ಮೂರು ವಾರ ಹಾಳು. ನಿಮ್ಮ ಸ್ಕೋರ್ ಕಾರ್ಡಿನ ತಾರೀಖನ್ನು ಅರ್ಜಿಯ ಕೊನೆಯ ದಿನದ ಜೊತೆ ಹೋಲಿಸಬೇಡಿ. ತರಗತಿ ಶುರುವಾಗುವ ದಿನದ ಜೊತೆ ಹೋಲಿಸಿ.

ಶಿಫಾರಸು ಪತ್ರದ್ದು ಇನ್ನೊಂದು ಕಥೆ. ಪತ್ರ ಬರೆಯುವವರಿಗೆ ವಿಶ್ವವಿದ್ಯಾಲಯದಿಂದ ನೇರವಾಗಿ ಒಂದು ಲಿಂಕ್ ಹೋಗುತ್ತದೆ. ನನ್ನ ಮೇಷ್ಟ್ರಿಗೆ ಹೋದ ಲಿಂಕ್ ಸ್ಪ್ಯಾಮ್ ಫೋಲ್ಡರಿಗೆ ಬಿದ್ದಿತ್ತು. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಅರ್ಜಿ ಪುಟದಲ್ಲಿ ಇನ್ನೂ "ಬಾಕಿ" ಅಂತಲೇ ತೋರಿಸುತ್ತಿತ್ತು. ಫೋನ್ ಮಾಡಲು ಸಂಕೋಚ. ಆದರೂ ಮಾಡಿದೆ. "ಬಂದೇ ಇಲ್ಲವಲ್ಲಪ್ಪ" ಅಂದರು. ಸ್ಪ್ಯಾಮ್ ನೋಡಿ ಸರ್ ಅಂದೆ. ಅಲ್ಲೇ ಇತ್ತು. ಸಂಕೋಚ ಬಿಟ್ಟು ಹತ್ತು ದಿನ ಮೊದಲೇ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಸ್‌ಒಪಿಯನ್ನು ಏಳು ಸಲ ತಿದ್ದಿದೆ. ಮೊದಲ ಕರಡಿನಲ್ಲಿ ಜಾಗತೀಕರಣ, ಅಸಮಾನತೆ, ಅಭಿವೃದ್ಧಿ ಅಂತೆಲ್ಲ ದೊಡ್ಡ ದೊಡ್ಡ ಮಾತು. ಯಾರು ಬೇಕಾದರೂ ಬರೆಯಬಹುದಾದ ಮಾತು. ಕೊನೆಯದರಲ್ಲಿ ಒಂದೇ ಪ್ರಶ್ನೆ ಇಟ್ಟೆ: ಫೋನಿನ ಮೇಲೆ ಕೆಲವು ದೇಶ ಸುಂಕ ಹಾಕುತ್ತವೆ, ಕೆಲವು ಹಾಕುವುದಿಲ್ಲ, ಯಾಕೆ? ಸೀಟು ಸಿಕ್ಕಿದ್ದು ಈ ಪ್ರಶ್ನೆಯಿಂದ ಅಂತ ನನ್ನ ನಂಬಿಕೆ. ಆಯ್ಕೆ ಪತ್ರದಲ್ಲೂ ಅದರ ಬಗ್ಗೆ ಒಂದು ಸಾಲು ಇತ್ತು.

ಆದರೆ ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಒಂದು ಮೇಲ್ ಬಂತು. ಸೂಕ್ಷ್ಮ ಅರ್ಥಶಾಸ್ತ್ರ, ಸ್ಥೂಲ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಪುರಾವೆ ಕೊಡಿ ಅಂತ. ನನ್ನ ಅಂಕಪಟ್ಟಿಯಲ್ಲಿ "ಅರ್ಥಶಾಸ್ತ್ರ 1, 2, 3" ಅಂತಷ್ಟೇ ಇತ್ತು. ಒಳಗೆ ಏನು ಓದಿದ್ದೇನೆ ಅಂತ ಅದು ಹೇಳುವುದಿಲ್ಲ. ಹಳೆಯ ಪಠ್ಯಕ್ರಮದ ಪ್ರತಿ ತೆಗೆಸಿ, ಅದಕ್ಕೆ ಸೀಲು ಹಾಕಿಸಿ ಕಳಿಸಬೇಕಾಯಿತು. ನಾನು ಓದಿದ ವರ್ಷದ ಪಠ್ಯಕ್ರಮ ಬದಲಾಗಿಬಿಟ್ಟಿತ್ತು, ಹಳೆಯದು ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಒಬ್ಬ ಸೀನಿಯರ್ ಇಟ್ಟುಕೊಂಡಿದ್ದ ಪುಸ್ತಕ ಸಿಕ್ಕಿತು. ಅದಕ್ಕೆ ಹದಿನೆಂಟು ದಿನ ಹೋಯಿತು. ಆ ಹದಿನೆಂಟು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಸಂಖ್ಯಾಶಾಸ್ತ್ರಕ್ಕೆ ಪುರಾವೆಯೇ ಇರಲಿಲ್ಲ. ಆನ್‌ಲೈನ್ ಕೋರ್ಸ್ ಒಂದನ್ನು ಮಾಡಿ ಮುಗಿಸುತ್ತೇನೆ ಅಂತ ಬರೆದುಕೊಟ್ಟೆ, ಒಪ್ಪಿಕೊಂಡರು. ಐಪಿಇ ಕೋರ್ಸುಗಳಲ್ಲಿ ಕೆಲವಕ್ಕೆ ಗಣಿತ ಬೇಕೇ ಬೇಕು, ಕೆಲವಕ್ಕೆ ಅಷ್ಟಿಲ್ಲ. ಹೆಸರು ಒಂದೇ ಇದ್ದರೂ ಒಳಗಿನ ಓದು ಬೇರೆ ಬೇರೆ. ಅರ್ಜಿ ಹಾಕುವ ಮೊದಲು ಸಂಶೋಧನಾ ವಿಧಾನಗಳ ಪೇಪರಿನಲ್ಲಿ ಏನಿದೆ ಅಂತ ಒಂದು ಸಲ ನೋಡಿ. ಕೋರ್ಸ್ ರಾಜ್ಯಶಾಸ್ತ್ರ ವಿಭಾಗದ ಕೆಳಗಿದೆಯೋ ಅರ್ಥಶಾಸ್ತ್ರ ವಿಭಾಗದ ಕೆಳಗಿದೆಯೋ ಅನ್ನುವುದೂ ಮುಖ್ಯ.

ಖರ್ಚಿನ ಬಗ್ಗೆ ಎಲ್ಲರೂ ಬೋಧನಾ ಶುಲ್ಕವನ್ನೇ ಲೆಕ್ಕ ಹಾಕುತ್ತಾರೆ. ನನಗೆ ಹೊಡೆತ ಬಿದ್ದದ್ದು ಸಣ್ಣ ಸಣ್ಣ ಖರ್ಚುಗಳಲ್ಲಿ. ಐದು ಅರ್ಜಿಗೆ ಐದು ಶುಲ್ಕ, ಸ್ಕೋರ್ ಕಳಿಸಲು ಬೇರೆ, ಕೊರಿಯರ್, ದೃಢೀಕರಣ, ಸೀಟು ಉಳಿಸಿಕೊಳ್ಳಲು ಕಟ್ಟುವ ವಾಪಸ್ ಬಾರದ ಮುಂಗಡ, ವೀಸಾ, ಆರೋಗ್ಯ ವಿಮೆ. ಇದರ ಮೇಲೆ ಬ್ಯಾಂಕಿನಲ್ಲಿ ಹಣ ಇಷ್ಟು ದಿನ ಅಲುಗಾಡದೆ ಇರಬೇಕು ಅನ್ನುವ ನಿಯಮ. ಒಂದು ಕಡೆ ಅರ್ಜಿ ಶುಲ್ಕ ಮನ್ನಾ ಮಾಡಿ ಅಂತ ಮೇಲ್ ಬರೆದೆ, ಮಾಡಿದರು. ಕೇಳಿದರೆ ಕೊಡುತ್ತಾರೆ ಅಂತ ಗೊತ್ತಿದ್ದರೆ ಐದೂ ಕಡೆ ಕೇಳುತ್ತಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಎಷ್ಟೋ ಸಲ ಕೋರ್ಸಿನ ಅರ್ಜಿಯ ಕೊನೆಯ ದಿನಕ್ಕಿಂತ ಮೊದಲೇ ಇರುತ್ತದೆ. ನಾನು ಒಂದನ್ನು ಹಾಗೆಯೇ ಕಳೆದುಕೊಂಡೆ, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ತರಗತಿ ಶುರುವಾಯಿತು. ಮೊದಲ ವಾರವೇ ಗೊತ್ತಾದದ್ದು, ಬ್ಯಾಚಿನಲ್ಲಿ ಎರಡು ಗುಂಪು. ಅರ್ಥಶಾಸ್ತ್ರದಿಂದ ಬಂದವರಿಗೆ ಸಮೀಕರಣ ಸಲೀಸು, ವಾದ ಕಟ್ಟುವುದು ಕಷ್ಟ. ರಾಜ್ಯಶಾಸ್ತ್ರದಿಂದ ಬಂದ ನಮಗೆ ಅದರ ಉಲ್ಟಾ. ಈ ಎರಡು ವಿಷಯಗಳು ಒಂದನ್ನೊಂದು ಕಣ್ಣೆತ್ತಿ ನೋಡುತ್ತಿಲ್ಲ ಅಂತ ಬ್ರಿಟಿಷ್ ವಿದ್ವಾಂಸೆ ಸುಸಾನ್ ಸ್ಟ್ರೇಂಜ್ 1970ರಲ್ಲೇ ಲೇಖನ ಬರೆದಿದ್ದರು. ಐಪಿಇ ಬೆಳೆದದ್ದೇ ಆ ಬಿರುಕಿನಿಂದ. ಐವತ್ತು ವರ್ಷ ದಾಟಿದರೂ ನಮ್ಮ ತರಗತಿಯ ಬೆಂಚುಗಳಲ್ಲಿ ಆ ಬಿರುಕು ಕಾಣಿಸುತ್ತಿತ್ತು. ಎರಡೂ ಗುಂಪಿನವರು ಸೇರಿ ನಾಲ್ಕು ಜನರ ಓದುವ ತಂಡ ಮಾಡಿಕೊಂಡೆವು. ಆ ವರ್ಷ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು.

ಓದುವ ಹೊರೆ ಜಾಸ್ತಿ. ವಾರಕ್ಕೆ ಪ್ರತಿ ಪೇಪರಿಗೆ ಮೂರು ನಾಲ್ಕು ಲೇಖನ, ಒಂದೆರಡು ಪುಸ್ತಕದ ಅಧ್ಯಾಯ. ಮೊದಲ ತಿಂಗಳು ಎಲ್ಲವನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ, ಸೆಮಿನಾರಿನಲ್ಲಿ ಕೂತಾಗ ಒಂದೂ ನೆನಪಿರಲಿಲ್ಲ. ಆಮೇಲೆ ದಾರಿ ಬದಲಿಸಿದೆ. ಪ್ರತಿ ಲೇಖನಕ್ಕೂ ಮೂರು ಸಾಲು ಮಾತ್ರ: ಇವರು ಯಾವ ಒಗಟನ್ನು ಬಿಡಿಸುತ್ತಿದ್ದಾರೆ, ಉತ್ತರ ಏನು, ಯಾವ ಪುರಾವೆ ಬಂದರೆ ಈ ಉತ್ತರ ಬಿದ್ದುಹೋಗುತ್ತದೆ. ಮೂರನೆಯ ಸಾಲು ಬರೆಯಲು ಬಂದರೆ ಲೇಖನ ಅರ್ಥವಾಗಿದೆ ಅಂತ ಲೆಕ್ಕ.

ಒಂದು ತರಗತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆ. ಒಂದಿಷ್ಟು ಬಟ್ಟೆ ನೇಯಲು ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಜನ ಬೇಕು, ಪೋರ್ಚುಗಲ್‌ನಲ್ಲಿ 90. ವೈನ್‌ಗೆ ಇಂಗ್ಲೆಂಡಿನಲ್ಲಿ 120, ಪೋರ್ಚುಗಲ್‌ನಲ್ಲಿ 80. ಎರಡರಲ್ಲೂ ಪೋರ್ಚುಗಲ್ ಮುಂದೆ, ವೈನ್ ಮಾಡುವುದರಲ್ಲಂತೂ ಇನ್ನೂ ಮುಂದೆ. ಆದರೂ ಪೋರ್ಚುಗಲ್ ವೈನ್ ಮಾಡಿ, ಇಂಗ್ಲೆಂಡ್ ಬಟ್ಟೆ ಮಾಡಿ ಕೊಡುಕೊಳ್ಳುವಿಕೆ ನಡೆಸಿದರೆ ಇಬ್ಬರಿಗೂ ಲಾಭ. ಬೋರ್ಡ್ ಮೇಲೆ ಲೆಕ್ಕ ಮುಗಿಸಿ, ಮೇಡಂ ನಮ್ಮ ಕಡೆ ತಿರುಗಿ ಕೇಳಿದರು: "ಪೋರ್ಚುಗಲ್‌ನ ಆ 90 ನೇಕಾರರು ಎಲ್ಲಿಗೆ ಹೋದರು?" ತರಗತಿ ಸುಮ್ಮನಾಯಿತು. ದೇಶಕ್ಕೆ ಲಾಭ ಅಂದಾಕ್ಷಣ ದೇಶದೊಳಗಿನ ಎಲ್ಲರಿಗೂ ಲಾಭ ಅಂತಲ್ಲ. ಸೋತವರು ಒಟ್ಟಾಗಿ ಕೂಗು ಹಾಕಿದರೆ ಸುಂಕ ಬರುತ್ತದೆ, ಗೆದ್ದವರು ಒಟ್ಟಾದರೆ ಸುಂಕ ಹೋಗುತ್ತದೆ. ನಾನು ಎಸ್‌ಒಪಿಯಲ್ಲಿ ಕೇಳಿದ್ದ ಪ್ರಶ್ನೆಗೆ ಮೊದಲ ಬಾಗಿಲು ಅಲ್ಲಿ ತೆರೆಯಿತು.

ಮೊದಲ ಪ್ರಬಂಧಕ್ಕೆ ಕಡಿಮೆ ಅಂಕ ಬಂತು. ಬ್ರೆಟ್ಟನ್ ವುಡ್ಸ್ ವ್ಯವಸ್ಥೆ ಕುಸಿದದ್ದರ ಬಗ್ಗೆ ಬರೆದಿದ್ದೆ. 1944ರಲ್ಲಿ 44 ದೇಶಗಳು ಸೇರಿ ಕಟ್ಟಿದ ಹಣಕಾಸು ವ್ಯವಸ್ಥೆ, ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್, 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ್ದು, ಎಲ್ಲ ತಾರೀಖೂ ಸರಿಯಾಗಿತ್ತು. ಅಂಚಿನಲ್ಲಿ ಮೇಷ್ಟ್ರು ಬರೆದಿದ್ದರು: "ಏನಾಯಿತು ಅಂತ ಹೇಳಿದ್ದೀರಿ. ಹೀಗೇ ಯಾಕಾಯಿತು, ಬೇರೆ ಥರ ಯಾಕಾಗಲಿಲ್ಲ?" ಎರಡು ದಿನ ಬೇಜಾರಾಗಿತ್ತು. ಆಮೇಲೆ ಅದೇ ಪ್ರಬಂಧವನ್ನು ನನಗೋಸ್ಕರ ಮತ್ತೆ ಬರೆದೆ. ಜಗತ್ತಿಗೆ ಡಾಲರ್ ಬೇಕು, ಡಾಲರ್ ಹೊರಗೆ ಹರಿಯಬೇಕಾದರೆ ಅಮೆರಿಕ ಕೊರತೆ ಮಾಡಿಕೊಳ್ಳಬೇಕು, ಕೊರತೆ ಬೆಳೆದಷ್ಟೂ ಡಾಲರಿಗೆ ಚಿನ್ನ ಸಿಗುತ್ತದೆ ಅನ್ನುವ ನಂಬಿಕೆ ಕರಗುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಟ್ರಿಫಿನ್ 1960ರಲ್ಲೇ ಈ ಇಕ್ಕಟ್ಟನ್ನು ತೋರಿಸಿದ್ದರು. ಆದರೆ ಇಕ್ಕಟ್ಟು ಇತ್ತು ಅಂದಮಾತ್ರಕ್ಕೆ ಹೊರೆಯನ್ನು ಯಾರು ಹೊರಬೇಕು ಅಂತ ತೀರ್ಮಾನ ಆಗುವುದಿಲ್ಲ. ನಿಕ್ಸನ್ ಅದೇ ದಿನ ಆಮದಿನ ಮೇಲೆ ಶೇ. 10ರ ಹೆಚ್ಚುವರಿ ಸುಂಕ ಹಾಕಿ, ಉಳಿದ ದೇಶಗಳು ತಮ್ಮ ಹಣದ ಮೌಲ್ಯ ಏರಿಸಿಕೊಳ್ಳುವಂತೆ ಒತ್ತಡ ತಂದರು. ಶಕ್ತಿ ಇದ್ದವರು ಹೊರೆಯನ್ನು ಪಕ್ಕಕ್ಕೆ ದಾಟಿಸಿದರು. ಈ ಮಾತು ಮೊದಲ ಕರಡಿನಲ್ಲಿ ಎಲ್ಲೂ ಇರಲಿಲ್ಲ.

ಎರಡನೆಯ ಸೆಮಿಸ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿನಿಮಯ ದರ ಸ್ಥಿರವಾಗಿರಬೇಕು, ಬಂಡವಾಳ ಮುಕ್ತವಾಗಿ ಓಡಾಡಬೇಕು, ಬಡ್ಡಿ ದರ ನಮ್ಮ ಕೈಯಲ್ಲೇ ಇರಬೇಕು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ ಅನ್ನುವ ಪಾಠ ಬಂದಾಗ ಅರ್ಥಶಾಸ್ತ್ರದ ಗೆಳೆಯರು ನನಗೆ ನಾಲ್ಕು ಸಲ ಹೇಳಿಕೊಟ್ಟರು. ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ) ದೊಡ್ಡ ತೀರ್ಮಾನಗಳಿಗೆ ಶೇ. 85ರಷ್ಟು ಮತ ಬೇಕು, ಅಮೆರಿಕದ ಕೈಯಲ್ಲಿರುವುದು ಸುಮಾರು ಶೇ. 16.5, ಅಂದರೆ ಅದೊಂದೇ ದೇಶ ತಡೆಯಬಹುದು ಅಂತ ನಾನು ಅವರಿಗೆ ಬಿಡಿಸಿ ಹೇಳಿದೆ. ವಿಧಾನಗಳ ಪೇಪರಿಗೆ ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿತೆ. ವಿಶ್ವವಿದ್ಯಾಲಯ ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ಕಲಿತರೆ ಕೋರ್ಸ್ ಮುಗಿದ ದಿನ ಲೈಸೆನ್ಸೂ ಮುಗಿಯುತ್ತದೆ, ನೆನಪಿರಲಿ.

ನಿಜವಾದ ಪರೀಕ್ಷೆ ಶುರುವಾದದ್ದು ಏಪ್ರಿಲ್‌ನಲ್ಲಿ, ಡಿಸರ್ಟೇಷನ್ ಜೊತೆ.

ನನ್ನ ಮೊದಲ ಪ್ರಸ್ತಾವ "ಜಾಗತಿಕ ದಕ್ಷಿಣದ ಕೈಗಾರಿಕಾ ನೀತಿ", ಅಂದರೆ ಅಭಿವೃದ್ಧಿಶೀಲ ದೇಶಗಳದ್ದು. ಗೈಡ್ ಮೇಡಂ ಓದಿ ಹೇಳಿದ್ದು ಇಷ್ಟೇ: "ಇದು ಹತ್ತು ಜನ ಹತ್ತು ವರ್ಷ ಮಾಡುವ ಕೆಲಸ. ನಿಮಗಿರುವುದು ಐದು ತಿಂಗಳು. ಒಂದು ವಸ್ತು ಹಿಡಿಯಿರಿ." ಮತ್ತೆ ಫೋನಿಗೆ ಬಂದೆ. ಐದು ದೇಶ, ಹದಿನೈದು ವರ್ಷ, ಸುಂಕ ಏರಿಸಿದ ಮೇಲೆ ಆಮದು ಏನಾಯಿತು, ಆ ಸುಂಕವನ್ನು ಕೇಳಿದವರು ಯಾರು. ಕಸ್ಟಮ್ಸ್ ಕೆಲಸ ಗೊತ್ತಿರುವವರನ್ನು ಮಾತಾಡಿಸಬೇಕು ಅಂತಲೂ ಇತ್ತು. ಆದರೆ ಮನುಷ್ಯರನ್ನು ಸಂದರ್ಶನ ಮಾಡಬೇಕಾದರೆ ನೈತಿಕ ಸಮಿತಿಯ ಅನುಮತಿ ಬೇಕು. ಅರ್ಜಿ ಕೊಟ್ಟು ಐದು ವಾರ ಕಾದೆ, ತಿದ್ದಿ ಕೊಡಿ ಅಂತ ವಾಪಸ್ ಬಂತು. ಅಷ್ಟರಲ್ಲಿ ಜೂನ್. ಸಂದರ್ಶನ ಕೈಬಿಟ್ಟೆ. ಸಂದರ್ಶನ ಮಾಡುವ ಯೋಚನೆ ಇದ್ದರೆ ಆ ಅರ್ಜಿಯನ್ನು ಜನವರಿಯಲ್ಲೇ ಕೊಡಿ.

ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಅನ್ನುವ ದತ್ತಾಂಶ ಕೋಶದಲ್ಲಿ ಯಾವ ದೇಶ ಏನನ್ನು ಎಷ್ಟು ಆಮದು ಮಾಡಿತು ಅಂತ ಸಿಗುತ್ತದೆ. ಕಸ್ಟಮ್ಸ್‌ನವರು ವಸ್ತುಗಳನ್ನು ವಿಂಗಡಿಸಲು ಬಳಸುವ ಪಟ್ಟಿಯ ಪ್ರಕಾರ ಪ್ರತಿ ವಸ್ತುವಿಗೂ ಆರು ಅಂಕಿಯ ಎಚ್‌ಎಸ್ ಕೋಡ್. ನಾನು ಮೂರು ಕೋಡ್ ಆರಿಸಿಕೊಂಡೆ: ಮೊಬೈಲ್ ಫೋನಿಗೆ 851712, ರೂಟರ್ ಥರದ ಸಂವಹನ ಉಪಕರಣಗಳಿಗೆ 851762, ಬಿಡಿಭಾಗಗಳಿಗೆ 851770. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಇಳಿಸಿಕೊಳ್ಳುವ ಸಾಲುಗಳಿಗೆ ಮಿತಿ ಇದೆ, ಹಾಗಾಗಿ ತುಂಡು ತುಂಡಾಗಿ ಇಳಿಸಿ ಜೋಡಿಸಬೇಕು.

ಮೊದಲು ತಲೆ ಕೆಡಿಸಿದ್ದು ಎರಡು ಕಡೆಯ ಲೆಕ್ಕ ತಾಳೆಯಾಗದೇ ಇದ್ದದ್ದು. ಒಂದು ದೇಶ ಇಷ್ಟು ರಫ್ತು ಮಾಡಿದೆ ಅನ್ನುತ್ತದೆ, ಕೊಂಡ ದೇಶ ಬೇರೆಯೇ ಅಂಕಿ ಹೇಳುತ್ತದೆ. ತಪ್ಪು ನನ್ನದೇ ಅಂತ ಎರಡು ವಾರ ಮತ್ತೆ ಮತ್ತೆ ಕೂಡಿದೆ. ಆಮೇಲೆ ಗೊತ್ತಾಯಿತು: ಆಮದನ್ನು ಸಾಮಾನ್ಯವಾಗಿ ಸಾಗಣೆ ಮತ್ತು ವಿಮೆ ಸೇರಿಸಿ ಬರೆಯುತ್ತಾರೆ, ರಫ್ತನ್ನು ಅವಿಲ್ಲದೆ. ಜೊತೆಗೆ ರಾಟರ್‌ಡ್ಯಾಮ್, ಸಿಂಗಪುರ, ಹಾಂಗ್‌ಕಾಂಗ್‌ನಂಥ ಬಂದರುಗಳ ಮೂಲಕ ಸಾಗುವ ಸರಕು ಮಧ್ಯದ ದೇಶದ ಲೆಕ್ಕಕ್ಕೂ ಸೇರಿಕೊಳ್ಳುತ್ತದೆ. ತಾಳೆಯಾಗದಿರುವುದೇ ಸಹಜ. ಒಂದೇ ಕಡೆಯ ಲೆಕ್ಕ ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ, ಯಾಕೆ ಅಂತ ಒಂದು ಪ್ಯಾರಾ ಬರೆಯಿರಿ. ನಾನು ಆಮದಿನ ಕಡೆಯದನ್ನು ಹಿಡಿದೆ.

ಗ್ರಾಫ್ ಬಂತು. ದೇಶಕ್ಕೊಂದರಂತೆ ಐದು ಗೆರೆ. 2022ಕ್ಕೆ ಬಂದಾಗ ನಾಲ್ಕು ಗೆರೆ ಧಡಕ್ಕನೆ ಕೆಳಗೆ ಬಿದ್ದಿದ್ದವು. ಒಂದು ಮಾತ್ರ ಮೇಲೇ ಇತ್ತು. ಅದನ್ನು ನೋಡಿದಾಗ ಆದ ಖುಷಿ ಹೇಳತೀರದು. ಸುಂಕ ಕೆಲಸ ಮಾಡಿದೆ, ಕೋವಿಡ್ ಆದ ಮೇಲೆ ಕಾರ್ಖಾನೆಗಳು ಜಾಗ ಬದಲಿಸಿವೆ, ನನ್ನ ವಾದಕ್ಕೆ ಪುರಾವೆ ಸಿಕ್ಕಿತು ಅಂತ ಹನ್ನೊಂದು ಪುಟ ಬರೆದೆ. ಮೇಡಂಗೆ ಕಳಿಸಿದೆ. ಅವರು ರಜೆಯಲ್ಲಿದ್ದರು. ಉತ್ತರಕ್ಕೆ ಮೂರು ವಾರ. ಉತ್ತರದಲ್ಲಿ ಒಂದೇ ಸಾಲು: "ಆ ಐದನೆಯ ದೇಶದಲ್ಲಿ ಯಾಕೆ ಇಳಿದಿಲ್ಲ?"

ಒಂದು ವಾರ ಆ ದೇಶದ ರಾಜಕೀಯ ಹುಡುಕಿದೆ. ಚುನಾವಣೆ, ಕೈಗಾರಿಕಾ ಸಂಘಗಳು, ವ್ಯಾಪಾರ ಒಪ್ಪಂದ, ಏನು ನೋಡಿದರೂ ಹೊಂದುತ್ತಿರಲಿಲ್ಲ. ಒಂದು ರಾತ್ರಿ ಗ್ರಾಫ್ ಬದಿಗಿಟ್ಟು ಕಚ್ಚಾ ಫೈಲನ್ನೇ ತೆರೆದೆ. ಗೆರೆ ಬಿದ್ದ ನಾಲ್ಕರಲ್ಲಿ ಒಂದು ದೇಶವನ್ನು ಆರಿಸಿ ವರ್ಷದ ಪ್ರಕಾರ ಜೋಡಿಸಿದೆ. 2020, ಮೂರು ಸಾಲು. 2021, ಮೂರು ಸಾಲು. 2022, ಒಂದೇ ಸಾಲು. 851712ರ ಮುಂದೆ ಸೊನ್ನೆ ಇರಲಿಲ್ಲ. ಆ ಸಾಲೇ ಇರಲಿಲ್ಲ. 851770ರದ್ದೂ ಇಲ್ಲ. ಖಾಲಿ ಇದ್ದಲ್ಲಿ ಸೊನ್ನೆ ತುಂಬು ಅಂತ ನನ್ನ ಪ್ರೋಗ್ರಾಮಿನಲ್ಲಿ ನಾನೇ ಒಂದು ಸಾಲು ಬರೆದಿದ್ದೆ.

ಎಚ್‌ಎಸ್ ಕೋಡುಗಳ ಪಟ್ಟಿಯನ್ನು ವಿಶ್ವ ಕಸ್ಟಮ್ಸ್ ಸಂಘಟನೆ ಸುಮಾರು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 851712 ಒಡೆದು ಎರಡಾಯಿತು: ಸ್ಮಾರ್ಟ್‌ಫೋನಿಗೆ 851713, ಉಳಿದ ಮೊಬೈಲಿಗೆ 851714. ಬಿಡಿಭಾಗಗಳ ಕೋಡೂ 851771 ಮತ್ತು 851779 ಆಯಿತು. ನಾಲ್ಕು ದೇಶ ಹೊಸ ಪಟ್ಟಿಗೆ ಹೋಗಿದ್ದವು. ಐದನೆಯದು ಆ ವರ್ಷವೂ ಹಳೆಯ ಪಟ್ಟಿಯಲ್ಲೇ ಲೆಕ್ಕ ಕೊಟ್ಟಿತ್ತು. ಆಮದು ಇಳಿದೇ ಇರಲಿಲ್ಲ. ಹೆಸರು ಬದಲಾಗಿತ್ತು, ಅಷ್ಟೇ.

ಕೈಕಾಲು ತಣ್ಣಗಾಯಿತು. ಸಲ್ಲಿಸಲು ಏಳು ವಾರ ಇತ್ತು, ಹನ್ನೊಂದು ಪುಟ ಪೂರ್ತಿ ಸುಳ್ಳು. ಬಿಟ್ಟುಬಿಡೋಣ, ಗಡುವು ಮುಂದೆ ಹಾಕಿಸಿಕೊಳ್ಳೋಣ ಅಂತೆಲ್ಲ ಅನಿಸಿತು. ಮಾರನೆಯ ದಿನ ಓದುವ ತಂಡದವರಿಗೆ ಹೇಳಿದಾಗ ಅಳು ಬಂತು. ಅವರಲ್ಲಿ ಒಬ್ಬಳು ಲ್ಯಾಪ್‌ಟಾಪ್ ಎಳೆದುಕೊಂಡು, ಹಳೆಯ ಕೋಡಿಗೂ ಹೊಸ ಕೋಡಿಗೂ ಹೊಂದಿಕೆ ಪಟ್ಟಿ ಇರುತ್ತದೆ, ಬಾ ನೋಡೋಣ ಅಂದಳು. ಇತ್ತು. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಅದನ್ನು ಉಚಿತವಾಗಿ ಕೊಡುತ್ತದೆ. ಫೋನಿನದು ಸುಲಭ, 13 ಮತ್ತು 14 ಕೂಡಿದರೆ ಹಳೆಯ 12. ಬಿಡಿಭಾಗಗಳದ್ದು ಹಾಗಲ್ಲ. ಫೋನಿನ ಪರದೆಯ ಫಲಕಗಳಲ್ಲಿ ಕೆಲವು 8524 ಅನ್ನುವ ಹೊಸ ಶೀರ್ಷಿಕೆಗೆ ಹೋಗಿವೆ, ಎಷ್ಟು ಭಾಗ ಅಂತ ಬಿಡಿಸಲು ಆಗುವುದಿಲ್ಲ. ಬಿಡಿಭಾಗಗಳನ್ನು ಮುಖ್ಯ ಗ್ರಾಫಿನಿಂದಲೇ ತೆಗೆದೆ. ಹೊಸ ಗ್ರಾಫಿನಲ್ಲಿ ಧಡಕ್ಕನೆ ಬೀಳುವ ಗೆರೆ ಒಂದೂ ಇರಲಿಲ್ಲ.

ನೀವು ಹದಿನೈದು ವರ್ಷದ ವ್ಯಾಪಾರದ ಅಂಕಿ ಎತ್ತಿಕೊಂಡರೆ 2012, 2017, 2022ರ ಗಡಿಗಳಲ್ಲಿ ನಿಂತು ಒಂದು ಸಲ ನೋಡಿ. ಏರಿಳಿತ ಸರಿಯಾಗಿ ಆ ವರ್ಷವೇ ಇದ್ದರೆ ಮೊದಲು ಕೋಡ್ ನೋಡಿ, ರಾಜಕೀಯ ಆಮೇಲೆ. ಖಾಲಿಯನ್ನು ಸೊನ್ನೆ ಮಾಡಬೇಡಿ.

ಮೇಡಂಗೆ ಎಲ್ಲ ಬರೆದು ಕಳಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕರೆದು ಕೂರಿಸಿ ಕೇಳಿದರು: "ಕೋಡ್ ಬದಲಾದರೆ ನಿಮ್ಮ ಗ್ರಾಫ್ ಬಿದ್ದುಹೋಯಿತು. ಹಾಗಾದರೆ ಕೋಡ್ ಬದಲಾದಾಗ ದೇಶಗಳು ಕೊಟ್ಟ ಮಾತು ಏನಾಗುತ್ತದೆ?"

ಅಲ್ಲಿಂದ ಡಿಸರ್ಟೇಷನ್ ದಿಕ್ಕೇ ಬದಲಾಯಿತು. 1996ರಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ಆಯಿತು. ಕಂಪ್ಯೂಟರ್, ದೂರಸಂಪರ್ಕ ಉಪಕರಣಗಳ ಮೇಲೆ ಸುಂಕ ಸೊನ್ನೆ ಮಾಡುತ್ತೇವೆ ಅಂತ ದೇಶಗಳು ಒಪ್ಪಿದವು. ಒಪ್ಪಂದದ ಪಟ್ಟಿ ಬರೆದದ್ದು ಆ ಕಾಲದ ಕೋಡುಗಳಲ್ಲಿ. ಇವತ್ತಿನ ಸ್ಮಾರ್ಟ್‌ಫೋನ್ ಆಗ ಇರಲಿಲ್ಲ. 851712 ಬಂದದ್ದೇ 2007ರ ಪಟ್ಟಿಯಲ್ಲಿ. ಭಾರತ 2017ರಿಂದ ಫೋನಿನ ಮೇಲೆ ಸುಂಕ ಹಾಕಿ 2018ರಲ್ಲಿ ಶೇ. 20ಕ್ಕೆ ಏರಿಸಿತು. 2019ರಲ್ಲಿ ಯುರೋಪಿಯನ್ ಒಕ್ಕೂಟ, ಜಪಾನ್, ತೈವಾನ್ ಭಾರತ ಕೊಟ್ಟ ಮಾತು ಮೀರಿದೆ ಅಂತ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟವು. ಹಳೆಯ ಒಪ್ಪಂದದಲ್ಲಿ ಈ ವಸ್ತುಗಳು ಇಲ್ಲ, ತಾನು ಮಾತು ಕೊಟ್ಟ ಪಟ್ಟಿಯನ್ನು 2007ರ ಕೋಡುಗಳಿಗೆ ಬದಲಿಸುವಾಗ ತಪ್ಪಾಗಿದೆ ಅನ್ನುವುದು ಭಾರತದ ವಾದ. 2023ರ ಏಪ್ರಿಲ್‌ನಲ್ಲಿ ಸಂಘಟನೆಯ ವಿಚಾರಣಾ ಸಮಿತಿ ಆ ವಾದವನ್ನು ಒಪ್ಪಲಿಲ್ಲ. ಜಪಾನ್ ಮತ್ತು ಒಕ್ಕೂಟದ ಪ್ರಕರಣಗಳಲ್ಲಿ ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠ 2019ರ ಡಿಸೆಂಬರ್‌ನಿಂದಲೇ ಕೆಲಸ ಮಾಡುತ್ತಿಲ್ಲ, ಯಾಕೆಂದರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪುತ್ತಿಲ್ಲ. ಹಾಗಾಗಿ ತೀರ್ಪು ಅಲ್ಲೇ ನಿಂತಿತು.

ನನ್ನ ಕಣ್ಣಿಗೆ ಇದರಲ್ಲಿ ಇಡೀ ಐಪಿಇ ಕಂಡಿತು. ಯಾವುದನ್ನು ಯಾವ ಹೆಸರಿನಿಂದ ಕರೆಯಬೇಕು ಅಂತ ತಜ್ಞರು ಕೂತು ಮಾಡುವ ಒಂದು ಪಟ್ಟಿ. ಅದರ ಒಂದು ಸಾಲಿನ ಮೇಲೆ ಕಾರ್ಖಾನೆ ಎಲ್ಲಿ ಏಳಬೇಕು, ಕೆಲಸ ಯಾರಿಗೆ ಸಿಗಬೇಕು, ಫೋನ್ ಕೊಳ್ಳುವವರು ಎಷ್ಟು ಜಾಸ್ತಿ ಕೊಡಬೇಕು ಅನ್ನುವುದೆಲ್ಲ ನಿಂತಿದೆ. ಜಗಳ ಬಿಡಿಸಬೇಕಾದ ಪೀಠವನ್ನು ಒಂದು ದೊಡ್ಡ ದೇಶ ನೇಮಕಕ್ಕೆ ಒಪ್ಪದೆಯೇ ನಿಲ್ಲಿಸಬಹುದು. ಸಮಿತಿಯ ವರದಿಗಳು ಎಲ್ಲರಿಗೂ ತೆರೆದಿವೆ. ಉದ್ದ ಜಾಸ್ತಿ, ಕಾನೂನಿನ ಭಾಷೆ ಬೇರೆ. ಮೊದಲ ಸಲ ಓದುವವರು ಕೊನೆಯ ತೀರ್ಮಾನದ ಭಾಗ ಓದಿ, ಆಮೇಲೆ ಎರಡೂ ಕಡೆಯ ವಾದಕ್ಕೆ ಬನ್ನಿ. ಹಾಗೆ ಮಾಡಿದ ಮೇಲೆ ನನಗೆ ದಾರಿ ಕಂಡಿತು.

ಆರು ವಾರ ದಿನಕ್ಕೆ ಹತ್ತು ಗಂಟೆ ಕೂತೆ. ಸುಳ್ಳಾದ ಹನ್ನೊಂದು ಪುಟವನ್ನು ಬಿಸಾಡಲಿಲ್ಲ. ಹಳೆಯ ಗ್ರಾಫ್ ಮತ್ತು ಹೊಸ ಗ್ರಾಫ್ ಎರಡನ್ನೂ ಅಕ್ಕಪಕ್ಕ ಇಟ್ಟು, ನನ್ನ ತಪ್ಪು ಹೇಗಾಯಿತು ಅಂತ ಮೂರು ಪುಟ ಬರೆದೆ. ಪರೀಕ್ಷಕರು ಹೆಚ್ಚು ಮೆಚ್ಚಿದ್ದು ಆ ಮೂರು ಪುಟವನ್ನೇ. ಆದರೆ ಸುಂಕ ಕೇಳಿದ ಗುಂಪುಗಳ ಬಗ್ಗೆ ಪುರಾವೆ ತೆಳ್ಳಗಿದೆ ಅಂತಲೂ ಬರೆದಿದ್ದಾರೆ. ಅದು ನಿಜ. ಸಂದರ್ಶನ ಕೈಬಿಟ್ಟದ್ದರ ಬೆಲೆ ಅದು.

ಸಲ್ಲಿಸಿದ ಮೇಲೆ ಅಂಕಕ್ಕೆ ಹತ್ತು ವಾರಕ್ಕಿಂತ ಜಾಸ್ತಿ ಕಾದೆ. ಈ ನಡುವೆ ಗ್ರಂಥಾಲಯದ ಖಾತೆ ಮುಚ್ಚಿಹೋಯಿತು. ಬೇಕಾದ ಲೇಖನಗಳನ್ನು ಮೊದಲೇ ಇಳಿಸಿಕೊಂಡಿದ್ದರಿಂದ ಬಚಾವಾದೆ, ನನ್ನ ಇಬ್ಬರು ಗೆಳೆಯರು ಒದ್ದಾಡಿದರು. ವಿಶ್ವವಿದ್ಯಾಲಯದ ಮೇಲ್ ವಿಳಾಸವೂ ಕೆಲವು ತಿಂಗಳಲ್ಲಿ ನಿಲ್ಲುತ್ತದೆ, ಬ್ಯಾಂಕ್, ವೀಸಾ ಎಲ್ಲದಕ್ಕೂ ನಿಮ್ಮ ಸ್ವಂತ ವಿಳಾಸ ಕೊಟ್ಟಿರಿ. ಕೆಲಸಕ್ಕೆ ಅರ್ಜಿ ಹಾಕುವಾಗ ಮೂಲ ಪದವಿ ಪತ್ರ ಕೇಳುತ್ತಾರೆ, ಅದು ಘಟಿಕೋತ್ಸವ ಆಗುವವರೆಗೂ ಕೈಗೆ ಬರುವುದಿಲ್ಲ. ಕೋರ್ಸ್ ಮುಗಿದಿದೆ ಅಂತ ತಾತ್ಕಾಲಿಕ ಪತ್ರವನ್ನು ಕೇಳಿ ಪಡೆಯಬೇಕು. ನಾವು ಕೇಳದೆ ಅವರಾಗಿ ಕಳಿಸುವುದಿಲ್ಲ.

ನನ್ನದು ನಿನ್ನೆ ಬಂತು. ಒಂದೇ ಹಾಳೆ, ಕೆಳಗೆ ಸೀಲು. ಡಿಸರ್ಟೇಷನ್ ಶೀರ್ಷಿಕೆಯನ್ನು ಪೂರ್ತಿ ಅಚ್ಚು ಹಾಕಿದ್ದಾರೆ, ಅದರಲ್ಲಿ 851712 ಕೂಡ ಇದೆ. ಆರೂ ಅಂಕಿ ಸರಿಯಾಗಿವೆಯಾ ಅಂತ ಎರಡು ಸಲ ನೋಡಿದೆ.